ಪರರ ದೂರು, ಮನೆಯವರ ಉತ್ತರ

ಪರರು ಬಂದು ನಮ್ಮ ಮನೆಯ ಹುಳುಕನ್ನು ಬೀದಿಯಲ್ಲಿ ಸಾರಿದರೆ ಮನೆಯವರು ಮಾಡತಕ್ಕದ್ದೇನು? ಅಲ್ಲವೆಂದು ಕೂಗಿದರೆ ಹುಳುಕು ಬೆಳೆಯುವದು. ಹೌದೆಂದು ತಲೆಬಾಗಿದರೆ ದೂರಿದವನೇ ಮನೆಯ ಯಜಮಾನನಾಗಿ ಕುಳಿತುಕೊಳ್ಳುವನು. ಸಮಾಜಸುಧಾರಣೆಯ ಚಳವಳಿಗಳಿಗೆಲ್ಲ ಒಂದಿಲ್ಲೊಂದು ದಿನ ಈ ಇಕ್ಕಟ್ಟು ಬಂದೇ ತೀರುವದು. ಭರತಖಂಡದ ಸ್ತ್ರೀಯರ ಚಳವಳಿಗೆ ಅದು 1927ನೆಯ ಇಸವಿಯಲ್ಲಿ ಬಂದಿತು. ಆ ತಾಯಂದಿರು ಅದನ್ನು ಎದುರಿಸಿದ ರೀತಿಯನ್ನು ನಾವು ಗಂಡಸರು ಇಂದಿಗೂ ಸರಿಯಾಗಿ ಕಲಿತಿಲ್ಲವೆಂಬದು ನಮ್ಮ ಅಭಿಪ್ರಾಯವು.

ಆ ವರ್ಷ ಅಮೇರಿಕೆಯ ಕ್ಯಾಥರೀನ್ ಮೇಯೋ ಎಂಬ ಲೇಖಕಿಯು ‘ಮದರ್ ಇಂಡಿಯಾ’ ಎಂಬ ಪುಸ್ತಕವನ್ನು ಪ್ರಕಟಿಸಿದಳು. ಬಾಲ್ಯವಿವಾಹ, ಎಳೆಯ ತಾಯಂದಿರ ಹೆರಿಗೆಯ ಸಂಕಟ, ವಿಧವೆಯರ ದುರವಸ್ಥೆ, ಸೂಲಗಿತ್ತಿಯರ ಅಶುಚಿ, ಅಸ್ಪೃಶ್ಯತೆ ಇವೆಲ್ಲವನ್ನೂ ಒಂದೆಡೆ ರಾಶಿ ಹಾಕಿ, ಇಂಥ ಜನರು ಸ್ವರಾಜ್ಯಕ್ಕೆ ಅನರ್ಹರೆಂಬ ಭಾವನೆಯು ಓದುವವರ ಮನಸ್ಸಿನಲ್ಲಿ ಬೇರೂರುವಂತೆ ಆಕೆ ಬರೆದಳು. ಫಿಲಿಪೈನ್ ದ್ವೀಪಗಳ ಜನರ ಬಗೆಗೂ ಆಕೆ 1925ರಲ್ಲಿ ಇದೇ ರಾಗವನ್ನು ಹಾಡಿದ್ದಳು. ಅಂದ ಮೇಲೆ ಉದ್ದೇಶವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ನಮ್ಮ ದೇಶದಲ್ಲಿ ಬೆಂಕಿಯೇ ಎದ್ದಿತು. ಲಾಲಾ ಲಜಪತರಾಯರು 1928ರಲ್ಲಿ ‘ಅನ್‌ಹ್ಯಾಪಿ ಇಂಡಿಯಾ’ ಎಂಬ ಪ್ರತ್ಯುತ್ತರವನ್ನು ಬರೆದು, ಅಮೇರಿಕೆಯಲ್ಲಿ ಕರಿಯರ ಮೇಲೆ ನಡೆಯುತ್ತಿದ್ದ ಘೋರ ಕೃತ್ಯಗಳನ್ನು ಎತ್ತಿ ತೋರಿಸಿದರು. ಲಾಲಾಜಿಯವರು ಸ್ವತಃ ಸುಧಾರಕರು. ಅವರು ಹಾಗೆ ಬರೆದದ್ದು ತಪ್ಪೆನ್ನಲಾರೆವು. ಆದರೆ ನೆರೆಮನೆಯ ಕೊಳೆಯನ್ನು ತೋರಿಸಿದ್ದರಿಂದ ನಮ್ಮ ಮನೆಯಲ್ಲಿ ಹತ್ತನೆಯ ವರ್ಷಕ್ಕೆ ತಾಳಿ ಕಟ್ಟಿಸಿಕೊಂಡ ಕೂಸಿಗೆ ಬಂದದ್ದೇನು? 1927ರ ಬೇಸಗೆಯಿಂದ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿಗಾಗಿ ತಂಗಿದ್ದು ಹೋದ ಮಹಾತ್ಮರು, ಸಪ್ಟಂಬರದಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಬರೆದು, ಇದು ಗಟಾರಗಳನ್ನು ತಪಾಸಿಸುವ ಅಧಿಕಾರಿಯ ವರದಿಯೆಂದರು. ಆ ಮಾತು ಎಲ್ಲರ ನಾಲಗೆಯ ಮೇಲೂ ನಿಂತಿತು. ಪರದೇಶದವರ ಕೈಗೆ ಕೊಡಲು ಯೋಗ್ಯವಲ್ಲದ ಈ ಪುಸ್ತಕವನ್ನು ಭಾರತೀಯರು ಓದಿದರೆ ತಕ್ಕಮಟ್ಟಿನ ಪ್ರಯೋಜನವುಂಟೆಂದು ಅದೇ ಲೇಖನದಲ್ಲಿ ಅವರು ಹೇಳಿದ್ದನ್ನು ಮಾತ್ರ ಜನರು ಬಲು ಬೇಗ ಮರೆತರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಸಿಟ್ಟು ಇಂಥ ಮಾತನ್ನು ನೆನಪಿಡುವದಿಲ್ಲ.

ಇನ್ನು ಸ್ತ್ರೀಯರ ಮಾತು. ಮೇಯೋಳ ಪುಸ್ತಕವು ಬೆಳಕು ಕಾಣುವ ಮೊದಲೇ, 1927ರ ಜಾನೇವಾರಿಯಲ್ಲಿ, ಅಖಿಲ ಭಾರತ ಮಹಿಳಾ ಪರಿಷತ್ತು ಪುಣೆಯಲ್ಲಿ ನೆರೆದು, ಹೆಣ್ಣುಮಕ್ಕಳ ವಿದ್ಯೆಗೆ ಅಡ್ಡವಾದ ಬಾಲ್ಯವಿವಾಹವನ್ನು ಖಂಡಿಸಿತ್ತು. ಆ ಪರಿಷತ್ತಿಗೆ ಕಾರ್ಯದರ್ಶಿಯಾಗಿ ದುಡಿದ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ತಾವೇ ಬಾಲವಿಧವೆಯಾಗಿದ್ದು ಪುನರ್ವಿವಾಹವಾದವರು. ಅಜಮೀರದ ಹರಬಿಲಾಸ ಸಾರದಾರ ಮಸೂದೆಯೂ ಆ ಪುಸ್ತಕಕ್ಕಿಂತ ಮುಂಚಿನದೇ. ಮೈಸೂರು ಸಂಸ್ಥಾನದಲ್ಲಂತೂ 1894ರಲ್ಲಿಯೇ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದ ಕಾಯದೆಯಿತ್ತು. (ಎಂಟು ವರ್ಷ! ಅದೂ ಆ ಕಾಲಕ್ಕೆ ದೊಡ್ಡ ಧೈರ್ಯವೆನಿಸಿತು.) ನಂಜನಗೂಡಿನ ತಿರುಮಲಾಂಬ, ಬೆಂಗಳೂರಿನ ಆರ್. ಕಲ್ಯಾಣಮ್ಮ ಈ ಇಬ್ಬರೂ ಬಾಲ್ಯದಲ್ಲಿಯೇ ವೈಧವ್ಯವನ್ನುಂಡವರು. ಅಮೇರಿಕೆಯವಳು ಹೇಳುವ ತನಕ ಕಾಯದೆ ಕನ್ನಡದಲ್ಲಿ ಪತ್ರಿಕೆಗಳನ್ನು ನಡೆಯಿಸಿದವರು. ಕಸಬರಿಗೆಯು ಆಗಲೇ ಮನೆಯವರ ಕೈಯಲ್ಲಿತ್ತೆಂಬದನ್ನು ಆ ಪುಸ್ತಕವು ಮರೆಮಾಚಿತು. ಅದರ ದೊಡ್ಡ ಅಸತ್ಯವು ಇದೇ.

ಹಾಗೆಂದು ನಮ್ಮಲ್ಲಿ ಇಂಥದೇನೂ ಇಲ್ಲವೆನ್ನಲು ಈ ತಾಯಂದಿರಿಗೆ ಬಾಯಿ ಬರಲಿಲ್ಲ. ಇಲ್ಲವೆಂದರೆ ತಮ್ಮ ಕೆಲಸಕ್ಕೆ ತಾವೇ ಮಣ್ಣು ಹಾಕಿಕೊಂಡಂತೆ. ಮದ್ರಾಸಿನಲ್ಲಿ ಭಾರತೀಯ ಸ್ತ್ರೀಸಂಘದವರು ಸಭೆ ಸೇರಿಸಿದಾಗ, ಭಾರತದ ಸ್ತ್ರೀತ್ವವನ್ನು ಆಕೆ ಚಿತ್ರಿಸಿದ ಬಗೆಯನ್ನು ನಿರಾಕರಿಸಿದರು. ಅದೇ ಸಭೆಯಲ್ಲಿಯೇ ಬಾಲ್ಯವಿವಾಹ, ಬಲವಂತದ ವೈಧವ್ಯ, ದೇವಾಲಯಗಳಿಗೆ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿ ಇವುಗಳನ್ನು ತಡೆಯುವ ಕಾಯದೆಗಳು ಕೂಡಲೇ ಆಗಬೇಕೆಂದೂ ಒತ್ತಾಯಪಡಿಸಿದರು. ದೂರಿದವಳಿಗೆ ಒಂದು ಉತ್ತರ, ಮನೆಯ ಗಂಡಸರಿಗೆ ಇನ್ನೊಂದು. ಪರದೇಶದವಳ ಉಪದೇಶವು ಬೇಡವೆಂದು ಕೂಗುತ್ತಿದ್ದ ಶಾಸನಸಭೆಯ ಸದಸ್ಯರು ಈ ಎರಡನೆಯ ಉತ್ತರವನ್ನು ಕೇಳಿಸಿಕೊಳ್ಳದೆ ಗತ್ಯಂತರವಿರಲಿಲ್ಲ: ನಮ್ಮ ಮನೆಯನ್ನು ನಾವೇ ಶುಚಿ ಮಾಡಬಲ್ಲೆವೆಂದವರು ಮಸೂದೆಗೆ ಕೈಯೆತ್ತಲೇಬೇಕಲ್ಲವೆ? ಧರ್ಮದ ವಿಷಯದಲ್ಲಿ ನಾವು ತಟಸ್ಥರೆಂದು ಹೇಳುತ್ತ ಮೊದಮೊದಲು ಸಾರದಾ ಮಸೂದೆಗೆ ಬೆಂಬಲ ಕೊಡದಿದ್ದ ಆಂಗ್ಲ ಸರಕಾರವೂ ಇದೇ ಬಲೆಯಲ್ಲಿ ಬಿದ್ದಿತು. ಬಾಲವಧುವಿನ ಕಣ್ಣೀರನ್ನು ತೋರಿಸಿ ಸ್ವರಾಜ್ಯವನ್ನು ತಡೆಯುವವರು ಆ ಕಣ್ಣೀರನ್ನು ಒರೆಸುವ ಕಾಯದೆಗೆ ಹಿಂದೆಗೆದರೆ ಅವರ ಕನಿಕರದ ಬೆಲೆಯು ಜಗತ್ತಿಗೆ ತಿಳಿದುಹೋಗುವದು.

ಹಗೆಯಾದವಳಿಗೆ ಉತ್ತರಿಸುವದು ಸುಲಭ. ಸ್ನೇಹಿತೆಗೆ ಉತ್ತರಿಸುವದೇ ಕಠಿಣ. ಇಂಗ್ಲಂಡದ ಪಾರ್ಲಿಮೆಂಟಿನ ಸದಸ್ಯೆಯಾಗಿದ್ದ ಎಲಿನೋರ್ ರಾತ್‌ಬೋನ್ ಎಂಬ ವಿದುಷಿಯು ಮೇಯೋಳ ಪುಸ್ತಕವನ್ನು ಓದಿ ಮನನೊಂದು, 1929ರ ಅಕ್ಟೋಬರದಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಭಾರತದ ಸ್ತ್ರೀಯರ ಬಗೆಗೆ ಒಂದು ಪರಿಷತ್ತನ್ನು ಕರೆದಳು. ಆಕೆಯ ಅಂತಃಕರಣದಲ್ಲಿ ಕಪಟವಿರಲಿಲ್ಲ. ಆದರೆ ಭಾರತದ ಸ್ತ್ರೀಯರ ಗತಿಯನ್ನು ವಿವರಿಸಲು ವೇದಿಕೆಯ ಮೇಲೆ ಕುಳಿತವರು ಆಂಗ್ಲರು! ಅಲ್ಲಿ ಎದ್ದುನಿಂತು ಆಕ್ಷೇಪಿಸಿದವರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಧನವಂತಿ ರಾಮರಾಯರೊಬ್ಬರು. ಭಾರತವನ್ನು ಕಣ್ಣಿನಿಂದ ಕಾಣದವರು ಭಾರತದ ಪಿಡುಗುಗಳ ಮೇಲೆ ಪರಿಷತ್ತು ನಡೆಸುವ ಅಧಿಕಾರವನ್ನು ಎಲ್ಲಿಂದ ಪಡೆದರು, ಈ ಹೊಣೆಯನ್ನು ನಾವು ಆಗಲೇ ಹೊತ್ತಿದ್ದೇವಲ್ಲ, ಎಂಬದು ಅವರ ವಾದದ ತಾತ್ಪರ್ಯವು. ಪಿಡುಗು ಇಲ್ಲವೆಂದು ಅವರು ಹೇಳಲಿಲ್ಲವೆಂಬದನ್ನು ವಾಚಕರು ಗಮನಿಸಬೇಕು. ಸಹಾಯ ಬೇಕಿದ್ದರೆ ಕೇಳಿಕೊಂಡು ಬನ್ನಿರಿ, ಹಿಂದೆ ನಿಲ್ಲಿರಿ ಎಂಬಷ್ಟೇ ಆ ಮಾತಿನ ಅರ್ಥ. ನಮಗಾಗಿ ಇನ್ನೊಬ್ಬರು ಮಾತಾಡುವಾಗಿನ ಸಂಕಟವನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. 1948ರಲ್ಲಿ ದಾರ್ ಆಯೋಗವು ಭಾಷಾವಾರು ಪ್ರಾಂತರಚನೆಯು ರಾಷ್ಟ್ರಕ್ಕೆ ಹಿತವಲ್ಲವೆಂದಾಗ ನಾವೂ ಕುದಿದೆವು. ಆದರೆ ಪ್ರಾಂತವು ಒಂದಾದರೆ ಅಲ್ಲಿಯ ಪರಭಾಷಿಕರ ಗತಿಯೇನೆಂಬ ಪ್ರಶ್ನೆಗೆ ಕುದಿಯುವದೊಂದೇ ಉತ್ತರವಾಗುತ್ತಿರಲಿಲ್ಲ.

ಸಾರದಾ ಕಾಯದೆಯು 1929ರಲ್ಲಿ ಅಂಗೀಕೃತವಾಗಿ 1930ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹೆಣ್ಣಿಗೆ 14, ಗಂಡಿಗೆ 18. ನಡುವಿನ ತಿಂಗಳುಗಳಲ್ಲಿ ದೇಶದ ತುಂಬ ಅವಸರದ ಮದುವೆಗಳು ನಡೆದುಹೋದವು. ಕಾಯದೆ ಮುರಿದವರಿಗೆ ದಂಡವಿತ್ತು, ಆದರೆ ಆದ ಮದುವೆಯು ಮದುವೆಯಾಗಿಯೇ ಉಳಿಯುತ್ತಿತ್ತು. ಪರರ ದೂರಿಗೆ ಉತ್ತರವಾಗಿ ಕಾಯದೆಯನ್ನು ತೋರಿಸಿದವರಲ್ಲಿ ಎಷ್ಟೋ ಜನರು ಅದನ್ನು ನಡೆಯಿಸುವ ಗೊಡವೆಗೆ ಹೋಗಲಿಲ್ಲ. ಸ್ತ್ರೀಯರಿಗೆ ಇದು ಸಾಲದೆಂದು ಗೊತ್ತಿತ್ತು. ಅವರು ಹೇಳುತ್ತಲೇ ಇದ್ದರು. ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧುವೆಂಬ ತಿದ್ದುಪಡಿಯನ್ನು ನಮ್ಮ ಕರ್ನಾಟಕವು ತಂದದ್ದು 2017ರಲ್ಲಿ, ಎಂದರೆ ಪುಣೆಯ ಆ ಪರಿಷತ್ತಿಗೆ ತೊಂಬತ್ತು ವರ್ಷ ತುಂಬಿದ ಮೇಲೆ.

ಈಗಲೂ ಲೆಕ್ಕವು ತೀರಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ನಾಡಿನಲ್ಲಿ 20ರಿಂದ 24 ವರ್ಷದ ಸ್ತ್ರೀಯರಲ್ಲಿ ಸುಮಾರು ಐವರಿಗೊಬ್ಬಳು 18 ತುಂಬುವ ಮೊದಲೇ ಮದುವೆಯಾದವಳು. ಈ ಸಂಖ್ಯೆಯನ್ನು ನಾಳೆ ಪರದೇಶದ ಪತ್ರಿಕೆಯೊಂದು ಮೂದಲಿಕೆಯ ಮಾತುಗಳೊಡನೆ ಅಚ್ಚು ಹಾಕಿದರೆ ನಮ್ಮ ಊರುಗಳಲ್ಲಿ ಖಂಡನೆಯ ಸಭೆಗಳು ನೆರೆಯುವದು ನಿಶ್ಚಯ. ಆ ಸಭೆಯಲ್ಲಿ ಶಿಕ್ಷಕರೊಬ್ಬರು ಎದ್ದುನಿಂತು, ಪತ್ರಿಕೆಯನ್ನು ಖಂಡಿಸಿದ ಬಳಿಕ, ಮದುವೆಯ ದೆಸೆಯಿಂದ ಈ ವರ್ಷ ತಮ್ಮ ಶಾಲೆಯನ್ನು ಬಿಟ್ಟ ಹುಡುಗಿಯರು ಎಷ್ಟು ಜನರೆಂದು ಹಾಜರಿಪುಸ್ತಕವನ್ನು ತೆರೆದು ಹೇಳಿದರೆ, ನಾವು ಕೇಳಿಸಿಕೊಳ್ಳುವೆವೋ, ಅವರನ್ನು ಕೈಹಿಡಿದು ಕೂಡಿಸುವೆವೋ?