ಬಿಟ್ ಎಣಿಸುವವರಿಗೆ ಒಂದು ಉತ್ತರ

ಮೋಟಾರಿನ ಷಾಫ್ಟ್ ತುದಿಯಲ್ಲಿ ಪುಟ್ಟ ಆಯಸ್ಕಾಂತ, ಅದರೆದುರು ಹಾಲ್ ಸೆನ್ಸರ್ ಚಿಪ್. ಈ ಜೋಡಿ ಹೇಳುವ ಕೋನ ತಪ್ಪಾಗಿದೆ ಎಂದರೆ ಬಿಟ್ ಎಣಿಸುವವರ ಮೊದಲ ಮದ್ದು: 12 ಬಿಟ್ ಚಿಪ್ ಕಿತ್ತು 14 ಬಿಟ್‌ನದು ಹಾಕಿ. ಸುತ್ತಿಗೆ 16,384 ಮೆಟ್ಟಿಲು, ಮೆಟ್ಟಿಲಿಗೆ 0.022 ಡಿಗ್ರಿ. ಕೇಳಲು ಸೊಗಸು. ಆದರೆ ಆಯಸ್ಕಾಂತ ನಡುಬಿಂದುವಿನಿಂದ ತುಸು ಸರಿದು ಕೂತರೂ ತಪ್ಪು ಇದರ ಹತ್ತಾರು ಪಟ್ಟಾಗುತ್ತದೆ. ಹತ್ತು ನಿಮಿಷ ಹಿಂದಿರುವ ಗಡಿಯಾರಕ್ಕೆ ಸೆಕೆಂಡಿನ ಮುಳ್ಳು ಕೂರಿಸಿದರೆ ಯಾರಿಗೆ ಲಾಭ? ಅಂಗಡಿಯವನಿಗೆ.

ಹಲವು ಓದುಗಳ ಸರಾಸರಿ ತೆಗೆದರೆ ತಪ್ಪು ಕರಗುತ್ತದೆ ಎಂಬುದು ಎರಡನೆಯ ವಾದ. ಕರಗುವುದು ನಾಯ್ಸ್ ಮಾತ್ರ. ಒಂದೇ ಕಡೆ ವಾಲಿದ ತಪ್ಪು ಸರಾಸರಿಯಲ್ಲೂ ಅಷ್ಟೇ ವಾಲಿರುತ್ತದೆ. ಮೇಲೆ, ಹಲವು ಓದು ಸೇರುವವರೆಗೆ ಕಾಯುವ ವಿಳಂಬದ ದಂಡ ಬೇರೆ: ನಿಮಿಷಕ್ಕೆ 6000 ಸುತ್ತು ತಿರುಗುವ ಮೋಟಾರು 100 ಮೈಕ್ರೋಸೆಕೆಂಡಿನಲ್ಲಿ 3.6 ಡಿಗ್ರಿ ಮುಂದೆ ಹೋಗಿರುತ್ತದೆ. ವೇಗ ಸ್ಥಿರವಾಗಿದ್ದರೆ ಅದನ್ನು ಲೆಕ್ಕ ಹಾಕಿ ಕೂಡಿಸಬಹುದು, ಒಪ್ಪೋಣ. ವೇಗ ಜಿಗಿಯುವಾಗ ಆ ಲೆಕ್ಕವೂ ಹಿಂದೆ ಬೀಳುತ್ತದೆ.

ಮೂರನೆಯದು ಅವರ ಗಟ್ಟಿ ವಾದ: ಕಾರ್ಖಾನೆಯಲ್ಲಿ ಒಮ್ಮೆ ಪ್ರತಿ ಕೋನದ ತಪ್ಪನ್ನೂ ಅಳೆದು, ತಿದ್ದುಪಡಿಯ ಕೋಷ್ಟಕವನ್ನು ಮೆಮೊರಿಗೆ ಬರೆದುಬಿಟ್ಟರೆ ಮುಗಿಯಿತು. ಆಯಸ್ಕಾಂತ ವಾರೆಯಾಗಿ ಕೂತ ತಪ್ಪು ಸುತ್ತುಸುತ್ತಿಗೂ ಮರುಕಳಿಸುವುದರಿಂದ ಕೋಷ್ಟಕಕ್ಕೆ ಸಿಗುತ್ತದೆ, ನಿಜ. ಆದರೆ ಅಳೆದಾಗ ಮೋಟಾರಿನಲ್ಲಿ ಕರೆಂಟು ಹರಿಯುತ್ತಿತ್ತೇ? ಇಲ್ಲ. 100 ಆಂಪಿಯರ್ ಹರಿಯುವ ಒಂದು ಫೇಸ್ ತಂತಿ ಸೆಂಟಿಮೀಟರ್ ದೂರದಲ್ಲಿ 2 ಮಿಲಿಟೆಸ್ಲಾ ಕ್ಷೇತ್ರ ಹುಟ್ಟಿಸುತ್ತದೆ. ಆಯಸ್ಕಾಂತದ್ದು 40 ಮಿಲಿಟೆಸ್ಲಾ ಎಂದುಕೊಳ್ಳಿ. ತಂತಿಯ ಕ್ಷೇತ್ರ ಅದಕ್ಕೆ ಅಡ್ಡಬಂದರೆ ಕೋನ ಸುಮಾರು 2.9 ಡಿಗ್ರಿ ಕೆಡುತ್ತದೆ. ನಾಲ್ಕು ಜೋಡಿ ಧ್ರುವಗಳ ಮೋಟಾರಿನಲ್ಲಿ ಅದು ವಿದ್ಯುತ್ ಕೋನದ ಲೆಕ್ಕದಲ್ಲಿ 11 ಡಿಗ್ರಿ ಮೀರುತ್ತದೆ. ಇಂಥ ಮೋಟಾರಿನ ವಿದ್ಯುತ್ ಸ್ಕೂಟರಿನ ಸವಾರ ಆಕ್ಸಿಲರೇಟರ್ ತಿರುವಿದಂತೆಲ್ಲ ತಪ್ಪೂ ಬದಲಾಗುತ್ತದೆ. ಬರೀ ಕೋನ ನೋಡಿ ಉತ್ತರ ಹೇಳುವ ಕೋಷ್ಟಕಕ್ಕೆ ಕರೆಂಟಿನ ಸುದ್ದಿಯೇ ತಿಳಿಯದು. ಹೊರೆ ಹೊತ್ತಾಗಿನ ಅಳತೆ ತೋರಿಸಿ ಎಂದರೆ ಅವರು ಡೇಟಾಶೀಟ್ ತೋರಿಸುತ್ತಾರೆ.

ಹಾಗಾದರೆ ಕಬ್ಬಿಣದ ಕವಚ ಹಾಕೋಣ ಎನ್ನುತ್ತಾರೆ. ಕೋಷ್ಟಕದಲ್ಲಿ ಹೊರಗಿನ ಕ್ಷೇತ್ರವನ್ನು ಲೆಕ್ಕಕ್ಕೇ ಹಿಡಿಯದವರು ಈಗ ಅದಕ್ಕೆ ಗೋಡೆ ಕಟ್ಟಲು ಹೊರಟಿದ್ದಾರೆ! ಹತ್ತಿರದ ಕಬ್ಬಿಣ ಆಯಸ್ಕಾಂತದ ಕ್ಷೇತ್ರವನ್ನೂ ತನ್ನತ್ತ ಎಳೆಯುತ್ತದೆ ಎಂಬುದು ಅವರ ನಕ್ಷೆಯಲ್ಲಿಲ್ಲ.

ಮದ್ದು ಬೇರೆಡೆ ಇದೆ. ಎರಡು ಕಡೆಯ ಹಾಲ್ ಓದುಗಳ ವ್ಯತ್ಯಾಸ ತೆಗೆಯುವ ಚಿಪ್‌ಗಳಲ್ಲಿ ಏಕರೂಪದ ಹೊರಕ್ಷೇತ್ರ ತಾನಾಗಿ ವಜಾ ಆಗುತ್ತದೆ. ಹತ್ತಿರದ ತಂತಿಯ ಕ್ಷೇತ್ರ ಏಕರೂಪದ್ದಲ್ಲವಾದ್ದರಿಂದ ತಂತಿಗಳನ್ನೂ ಸರಿಪಡಿಸಬೇಕು: ಮೂರು ಫೇಸ್‌ಗಳ ಕರೆಂಟಿನ ಮೊತ್ತ ಸೊನ್ನೆ, ಆದ್ದರಿಂದ ಮೂರನ್ನೂ ಒತ್ತಾಗಿ ಕಟ್ಟಿ ಸೆನ್ಸರಿನಿಂದ ದೂರ ಒಯ್ದರೆ ಅವುಗಳ ಕ್ಷೇತ್ರ ಬಹುಪಾಲು ಅಳಿಯುತ್ತದೆ. ಖರ್ಚು ಹೆಚ್ಚು ಎಂಬ ಆಕ್ಷೇಪವೂ ಬಂದಿದೆ. ತಂತಿ ಕಟ್ಟಲು ಬೇಕಾಗುವುದು ಪ್ಲಾಸ್ಟಿಕ್ ಟೈ.