ಗಂಡಸರ ಮುಚ್ಚಿದ ಸತ್ಯವೇದ

ಇಂದು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ.

ನಮ್ಮ ಕ್ರೈಸ್ತ ಗಂಡಸರು ಸಭೆಯ ಚುನಾವಣೆ, ಆಸ್ತಿ, ಲೆಕ್ಕಪತ್ರಗಳ ಕುರಿತು ಗಂಟೆಗಟ್ಟಲೆ ವಾದಿಸಬಲ್ಲರು. ಸತ್ಯವೇದವನ್ನು ಮಾತ್ರ ಹೆಂಡತಿಗೂ ಸಭಾಪಾಲಕರಿಗೂ ಬಿಟ್ಟುಕೊಟ್ಟಿದ್ದಾರೆ. ನಾನೂ ಅದೇ ತಪ್ಪು ಮಾಡಿದವನು. ನೀತಿವಂತನಾದ ಯೋಬನಿಗೆ ಅಷ್ಟೊಂದು ಕಷ್ಟ ಏಕೆ ಬಂತೆಂದು ಮಗ ಕೇಳಿದಾಗ, “ಅಮ್ಮನನ್ನು ಕೇಳು” ಎಂದೆ. ಊರ ಮಕ್ಕಳಿಗೆಲ್ಲ ಪಾಠ ಹೇಳಿದವನು ಸ್ವಂತ ಮಗನ ಪ್ರಶ್ನೆಗೆ ಬೆನ್ನು ತೋರಿಸಿದೆ. ಅವನು ಮತ್ತೆ ಕೇಳಲಿಲ್ಲ.

“ಭಾನುವಾರದ ಪ್ರಸಂಗ ಸಾಲದೇ?” ಎನ್ನುವವರಿದ್ದಾರೆ. ಸಾಲದು. ಬೆರೋಯದ ಜನರು ಪೌಲನ ಮಾತನ್ನೂ ಪ್ರತಿದಿನ ಶಾಸ್ತ್ರದ ಒರೆಗೆ ಹಚ್ಚಿ ನೋಡಿದರು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯ ಅದಕ್ಕಾಗಿಯೇ ಅವರನ್ನು ಮೆಚ್ಚುತ್ತದೆ. ಓದದವನು ಒರೆಗೆ ಹಚ್ಚುವುದೆಂತು? ಗಟ್ಟಿಯಾಗಿ ಕೂಗಿದ ಬೋಧಕನೇ ಅವನಿಗೆ ಪ್ರವಾದಿ.

“ಪುರುಸೊತ್ತಿಲ್ಲ” ಎಂಬುದು ಬರಿಯ ನೆಪ. ನಾವು ಬಳಸುವ ಸತ್ಯವೇದದ 66 ಪುಸ್ತಕಗಳಲ್ಲಿ ಇರುವುದು 1189 ಅಧ್ಯಾಯಗಳು. ದಿನಕ್ಕೆ ನಾಲ್ಕರಂತೆ ಓದಿದರೆ ಹತ್ತು ತಿಂಗಳೊಳಗೆ ಮುಗಿಯುತ್ತದೆ. ಭಾಷೆಯ ತೊಡಕೂ ಇಲ್ಲ. ಇಡೀ ಸತ್ಯವೇದ 1831ರಷ್ಟು ಹಿಂದೆಯೇ ಕನ್ನಡಕ್ಕೆ ಬಂದಿದೆ.

ತಿಮೊಥೆಯನ ನಂಬಿಕೆಯನ್ನು ನೆನೆಯುವಾಗ ಪೌಲನ ಪತ್ರ ಅವನ ಅಜ್ಜಿಯನ್ನೂ ತಾಯಿಯನ್ನೂ ಹೆಸರಿಸುತ್ತದೆ, ತಂದೆಯ ಸುದ್ದಿಯಿಲ್ಲ. ಆ ತಂದೆ ಗ್ರೀಕನು, ಅವನಿಗೆ ಕಾರಣವಿದ್ದೀತು. ನಮಗೇನು ಕಾರಣ?

ನಾಳೆ ಬೆಳಿಗ್ಗೆ, ಪತ್ರಿಕೆ ಬಿಡಿಸುವ ಮುನ್ನ, ಒಂದು ಅಧ್ಯಾಯವನ್ನಾದರೂ ಓದಿರಿ. ಮಗು ಪ್ರಶ್ನೆ ಕೇಳಿ ನಿಮಗೆ ಉತ್ತರ ತಿಳಿಯದಿದ್ದರೆ ನಾಚಬೇಡಿ. “ಬಾ, ಇಬ್ಬರೂ ಹುಡುಕೋಣ” ಎನ್ನಿರಿ. ನಾನು ಅಂದು ಆಡದೆ ಉಳಿದ ಮಾತು ಅದೇ.