ಯಂತ್ರ ಮಾರಿದರೆ ಸಾಲದು

ತಿಕೋಟಾದ ರೈತನ ಟ್ರ್ಯಾಕ್ಟರಿನ ಬುಶ್ ಸವೆದರೆ ವಿಜಯಪುರದ ಲೇಥ್ ಅಂಗಡಿಯಲ್ಲಿ ಹೊಸದೊಂದನ್ನು ಕಡೆಸಿ ಹಾಕಿಸಬಹುದು. ಗಿರಣಿಯ ಮಗ್ಗಕ್ಕೂ ಅದೇ ಉಪಾಯ. ಹೆಲಿಕಾಪ್ಟರಿಗೆ ಆ ದಾರಿಯಿಲ್ಲ. ಪ್ರಮಾಣಪತ್ರವಿಲ್ಲದ ಬೋಲ್ಟನ್ನೂ ಅದಕ್ಕೆ ಬಿಗಿಯುವಂತಿಲ್ಲ. ಜನರ ಪ್ರಾಣದ ಪ್ರಶ್ನೆ, ನಿಯಮ ಸರಿಯೆ. ಆದರೆ ಇದೇ ನಿಯಮದ ಮರೆಯಲ್ಲಿ ತಯಾರಕ ಹೇಳಿದ್ದೇ ಬೆಲೆ, ಕಳಿಸಿದಾಗಲೇ ಮಾಲು ಎಂಬಂತಾಗಿದೆ. ಕೊಂಡವನು ಬೇರೆ ಅಂಗಡಿಗೆ ಹೋಗಲಾರ.

ಇದು ವಿದೇಶಿ ಬಂಡವಾಳಗಾರರ ಗುಣವೆಂದು ಬೈದು ಸುಮ್ಮನಾಗುವಂತಿಲ್ಲ. ಬೆಂಗಳೂರಿನ ನಮ್ಮ ಎಚ್.ಎ.ಎಲ್. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಏಳು ‘ಧ್ರುವ’ ಹೆಲಿಕಾಪ್ಟರುಗಳನ್ನು ಮಾರಿತು. 2009ರಿಂದ 2015ರೊಳಗೆ ನಾಲ್ಕು ಬಿದ್ದವು. ಕೆಲವು ಚಾಲಕರ ತಪ್ಪಿನಿಂದ ಬಿದ್ದವೆಂದು ಎಚ್.ಎ.ಎಲ್. ಹೇಳಿತು. ಇರಬಹುದು. ಆದರೆ 2015ರ ಅಕ್ಟೋಬರಿನಲ್ಲಿ ಒಪ್ಪಂದ ಮುರಿದಾಗ ಆ ಸರ್ಕಾರ, ಬಿಡಿಭಾಗಗಳು ಸರಿಯಾಗಿ ಬರಲಿಲ್ಲವೆಂದೂ ದೂರಿತು. ಅದಕ್ಕೂ ಚಾಲಕನೇ ಹೊಣೆಯೆ?

ಮೂಲ ಇನ್ನೂ ಆಳದಲ್ಲಿದೆ. ಧ್ರುವಕ್ಕೆ ಬಳಸುವ ಸಾಮಗ್ರಿಯ ಮೌಲ್ಯದಲ್ಲಿ ಶೇಕಡಾ 90ರಷ್ಟು ವಿದೇಶಿ ಪೂರೈಕೆದಾರರದೆಂದು 2010ರಲ್ಲಿ ಮಹಾಲೇಖಪಾಲರೇ ಬರೆದರು. ಕಾರ್ಖಾನೆ ನಮ್ಮದು, ಉಗ್ರಾಣದ ಕೀಲಿಕೈ ಪರರದು! ಹೆಸರು ಕೆಟ್ಟದ್ದು ಮಾತ್ರ ಇಲ್ಲಿ ದುಡಿಯುವ ಕಾರ್ಮಿಕರದು.

ಬಬಲೇಶ್ವರದಲ್ಲಿ ಪಂಪು ಮಾರುವ ಸಣ್ಣ ಅಂಗಡಿಯವನೂ ಅದರ ವಾಶರುಗಳನ್ನು ಡಬ್ಬಿಯಲ್ಲಿ ಇಟ್ಟಿರಬೇಕು, ಇಲ್ಲದಿದ್ದರೆ ಮುಂದಿನ ಸಂತೆಗೆ ಗಿರಾಕಿ ಅವನತ್ತ ತಿರುಗಿ ನೋಡುವುದಿಲ್ಲ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್.ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ ತೆರೆಯಿತು. ಸಾರ್ವಜನಿಕ ರಂಗ ಉಳಿಯಬೇಕೆನ್ನುವ ನಾವೇ ಮೊದಲು ಕೇಳೋಣ: ಮಾರುವ ಪ್ರತಿಯೊಂದು ಯಂತ್ರದ ಕರಾರಿನಲ್ಲಿ ಬಿಡಿಭಾಗಗಳ ಬೆಲೆ ಮತ್ತು ತಲುಪಿಸುವ ಗಡುವು ಬರೆದಿರಲಿ, ಆ ಭಾಗಗಳನ್ನು ಇಲ್ಲಿಯೇ ಮಾಡುವ ಕೆಲಸ ನಮ್ಮ ಕಾರ್ಮಿಕರ ಕೈಗೆ ಬರಲಿ.